ಕರೆಂಟ್ ಹೋದಾಗಿನ ಪಾಠ

ಮಕ್ಕಳ ಉತ್ತರಪತ್ರಿಕೆಗೆ ಅರ್ಧ ಅಂಕ ಹೆಚ್ಚು ಕೊಡಬೇಕಾದರೂ ಎರಡು ಸಲ ಕನ್ನಡಕ ಒರೆಸಿಕೊಳ್ಳುವ ನಾನು, ನನಗೆ ನಾನೇ ಅಂಕ ಕೊಟ್ಟುಕೊಳ್ಳುವಾಗ ಮಾತ್ರ ದಾನಶೂರನಾಗಿಬಿಡುತ್ತೇನೆ. ಕೊಟ್ಟೂರಿನ ಆಚೆಗಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟರು. ಕಲಿಕೆಯಲ್ಲಿ ತಂತ್ರಜ್ಞಾನದ ಬಳಕೆ ಹೇಗಿದೆಯೆಂದು ನಮ್ಮನ್ನೇ ಕೇಳುವ ನಮೂನೆಯೊಂದು ಇಲಾಖೆಯಿಂದ ಬಂತು. ಸ್ಮಾರ್ಟ್ ಬೋರ್ಡ್ ಬಳಸುತ್ತೀರಾ? ದಿನವೂ. ಮಕ್ಕಳಿಗೆ ಉಪಯೋಗವಾಗಿದೆಯೇ? ಅತ್ಯುತ್ತಮವಾಗಿ. ಸುಧಾರಣೆ ಏನಾಗಬೇಕು ಎಂಬಲ್ಲಿ 'ಇನ್ನೂ ದೊಡ್ಡ ಬೋರ್ಡ್' ಎಂದು ಬರೆದೆ.

ಮುಖ್ಯೋಪಾಧ್ಯಾಯಿನಿ ಗೌರಮ್ಮ ಮೇಡಂ ಅದನ್ನು ಓದಿ, ಸಹಿ ಹಾಕದೆ ಪೆನ್ನು ಮುಚ್ಚಿದರು. "ಉಪಯೋಗ ಆಗೈತೋ ಇಲ್ಲೋ, ಹುಡುಗ್ರನ್ನ ಕೇಳ್ರಿ ಸರ್. ಹೆಸರು ಬ್ಯಾಡ, ಸುಮ್ನ ಚೀಟಿ ಬರಸ್ರಿ."

ಬರೆಸಿದೆ. ಸ್ಟಾಫ್ ರೂಮಿನಲ್ಲಿ, ಎಲ್ಲರೂ ಕೇಳಲೆಂದೇ, ಮೊದಲ ಚೀಟಿಯನ್ನು ಗಟ್ಟಿಯಾಗಿ ಓದಿದೆ: "ಬೋರ್ಡ್ ಹಚ್ಚಿದಾಗ ಸರ್ ಕುಂದರ್ತಾರ. ಕರೆಂಟ್ ಹೋದಾಗ ಪಾಠ ಮಾಡ್ತಾರ." ಉಳಿದವನ್ನು ಮನಸ್ಸಿನಲ್ಲೇ ಓದಿಕೊಂಡೆ, ಅವೂ ಹೆಚ್ಚುಕಡಿಮೆ ಅದೇ ರಾಗ. ಆ ಮೊದಲ ಚೀಟಿಯ ಅಕ್ಷರ ಯಾರದೆಂದು ಪತ್ತೆಹಚ್ಚಲು ಹೋಂವರ್ಕ್ ನೋಟುಗಳನ್ನು ತಿರುವಿಹಾಕಿದ್ದನ್ನೂ ಒಪ್ಪಿಕೊಳ್ಳುತ್ತೇನೆ. ಸಿಗಲಿಲ್ಲ. ಹೋಂವರ್ಕಿನಲ್ಲಿ ಯಾರೂ ಅಷ್ಟು ದುಂಡಗೆ ಬರೆದಿರಲಿಲ್ಲ.

ಮರುದಿನ ಹೃದಯದ ವಿಡಿಯೊ ಹಚ್ಚಿ, ರೂಢಿಯಂತೆ ಕುರ್ಚಿಯತ್ತ ಹೊರಟವನು ತಡೆದುಕೊಂಡೆ. ನಡುವೆ ವಿಡಿಯೊ ನಿಲ್ಲಿಸಿ, "ಏನಾರ ಕೇಳೋದೈತೇನ್ರೋ?" ಎಂದೆ. ಕುರಿ ಸಾಕುವ ಮನೆಯ ಕೊಟ್ರಮ್ಮ ಎದ್ದಳು. "ಸರ್, ಕುರಿ ಓಡಿ ಬಂದಾಗ ಎದಿಮ್ಯಾಲೆ ಕೈ ಇಟ್ರೆ ಡಬಡಬ ಅಂತೈತ್ರಿ. ಹೃದಯದಾಗಿನ ಆ ನಾಕೂ ಕೋಣಿ ಒಮ್ಮಿಗೇ ಬಡಿತಾವೋ, ಒಂದಾದ್‌ಮ್ಯಾಲೆ ಒಂದೋ?"

ನಾನು ಕೆಮ್ಮಿದೆ. ಈ ಪ್ರಶ್ನೆ ಯಾವ ಪರೀಕ್ಷೆಗೂ ಬಂದದ್ದಿಲ್ಲ. "ನೋಡೇಬಿಡೋಣ" ಎಂದು ವಿಡಿಯೊ ಓಡಿಸಿದರೆ, ಕಣ್ಣು ಮಿಟುಕಿಸುವುದರೊಳಗೆ ಹೃದಯ ಬಡಿದು ಮುಗಿಸಿತು. "ನಿಧಾನ ಮಾಡ್ರಿ ಸರ್" ಎಂದಳು. ಹಾಗೂ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ. ಅವಳೇ ಬಂದು ಬೋರ್ಡಿನ ಮೂಲೆಯಲ್ಲಿ ಒತ್ತಿದಳು. ಮೇಲಿನೆರಡು ಕೋಣೆ ಮೊದಲು ಮುದುಡಿದವು, ಆಮೇಲೆ ಕೆಳಗಿನೆರಡು. ಇಡೀ ತರಗತಿ "ಓಹೋ" ಎಂದಿತು. ಅದರಲ್ಲಿ ನನ್ನ ದನಿಯೂ ಇತ್ತು. ನಾಲ್ಕು ವರ್ಷದಿಂದ ಆ ವಿಡಿಯೊ ಹಚ್ಚುತ್ತಿದ್ದೆ; ನೋಡಿದ್ದು ಅಂದೇ ಮೊದಲು.

ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಗಂಟೆ ಹೊಡೆಯುವವರೆಗೂ ನಿಂತೇ ಮಾತಾಡಿದೆ. ಸಂಜೆ ಮನೆಗೆ ಬಂದಾಗ ಗಂಟಲು ಕಟ್ಟಿತ್ತು.

"ಯಾಕ್ರಿ, ದನಿ ಬಿದ್ದೈತಲ್ಲ?" ಎಂದಳು ಹೆಂಡತಿ.

"ಪಾಠ ಮಾಡಿದ್ನಿ" ಎಂದೆ, ತುಸು ಹೆಮ್ಮೆಯಿಂದಲೇ.

ಅವಳು ಬಿಸಿನೀರಿನ ಲೋಟ ಕೈಗಿಟ್ಟು, ನಿಜವಾದ ಕುತೂಹಲದಿಂದ ಕೇಳಿದಳು: "ಹಂಗಾರ ಇಷ್ಟು ದಿನ ಸಾಲಿಗೆ ಹೋಗಿ ಏನ್ ಮಾಡ್ತಿದ್ರಿ?"