ನಲವತ್ತೊಂದನೇ ನಂಬರಿಗೆ ದಾರಿ ಕೊಡದ ನೆಟ್‌ವರ್ಕ್ ನಿಯಂತ್ರಕರಿಗೆ

ಮಾನ್ಯ ನಿಯಂತ್ರಕ ಮಹಾಶಯರೇ,

ರಾಣೆಬೆನ್ನೂರಿನ ಯಂತ್ರಕೋಣೆಯ ಎಸಿ ತಂಪಿನಲ್ಲಿ ತಾವು ಕ್ಷೇಮವಾಗಿರುವಿರೆಂದು ನಂಬಿ, ಬ್ಯಾಡಗಿಯ ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತಲೇ ಕೈಮುಗಿಯುತ್ತೇನೆ. ನಾನು ಭುವನಾ; ಇಲ್ಲಿಯ ವರ್ತಕರ ಸಂಘದ ಟೆಂಡರ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು, ಮೂರು ತಿಂಗಳಿಂದ ತಮ್ಮನ್ನೂ ನಮ್ಮ ಕ್ಲೌಡ್ ವ್ಯವಸ್ಥಾಪಕರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಲು ಹೆಣಗುತ್ತಿರುವವಳು.

ಅವರೂ ತಮ್ಮಂತೆಯೇ ಒಂದು ಘನ ತಂತ್ರಾಂಶ. ಸೋಮವಾರ, ಗುರುವಾರದ ಪೇಟೆಗೆ ವರ್ತಕರು ದರ ಹಾಕುವ ಟೆಂಡರಿಗೆಂದೇ ಹೊಸ ಸರ್ವರ್ ಹುಟ್ಟಿಸಿ ಸಂಜೆಗೆ ಅಳಿಸುವುದು ಅವರ ಕಾಯಕ. ಹುಟ್ಟಿದ್ದಕ್ಕೆ ದಾರಿ ತೆರೆಯುವುದು ತಮ್ಮದು. ಸೋಮವಾರ ಅವರು ಹುಟ್ಟಿಸಿದರು, ತಾವು ತೆರೆಯಲಿಲ್ಲ.

ತಪ್ಪು ನನ್ನದೂ ಇದೆ, ಖರೇ. ನಮ್ಮ ಮಾರುಕಟ್ಟೆ ಅಂಗಳದಲ್ಲಿ ನಂಬರು ಜಾಗದ್ದು, ರಾಶಿಯದ್ದಲ್ಲ. ನಲವತ್ತೊಂದರ ರಾಶಿ ಮಾರಿ ಎತ್ತಿದ ಮೇಲೆ, ಮುಂದಿನ ಪೇಟೆಗೆ ಬೇರೊಬ್ಬರ ರಾಶಿ ಅದೇ ನಲವತ್ತೊಂದರಲ್ಲಿ ಬೀಳುತ್ತದೆ. ಈ ಅಂಗಳದಲ್ಲೇ ಆಡಿ ಬೆಳೆದ ನಾನು ಅದೇ ರೂಢಿಯಂತೆ ಸೋಮವಾರದ ಹೊಸ ಸರ್ವರಿಗೂ ಹಿಂದಿನದರ ನಲವತ್ತೊಂದನೇ ವಿಳಾಸವನ್ನೇ ಕೊಟ್ಟೆ. ತಾವೋ, ಹಿಂದಿನ ಗುರುವಾರ ಅಳಿಸಿಹೋದ ಸರ್ವರನ್ನೇ ಎದೆಯಲ್ಲಿಟ್ಟುಕೊಂಡು, ಹೊಸದನ್ನು ಕಳ್ಳನೆಂದು ಹೊರಗೆ ನಿಲ್ಲಿಸಿದಿರಿ. ಹೋದವರ ಮೇಲೆ ಇಷ್ಟು ನಿಷ್ಠೆಯನ್ನು ನಮ್ಮ ಬೀಗರಲ್ಲೂ ಕಂಡಿಲ್ಲ; ತಮಗೊಂದು ಶಾಲು ಹೊದಿಸಬೇಕೆಂದಿದ್ದೇನೆ, ಭುಜ ಎಲ್ಲಿದೆಯೆಂದು ತಿಳಿಸಿದರೆ ಉಪಕಾರವಾದೀತು.

ಅಂದು ಟೆಂಡರ್ ಪುಟ ತೆರೆದದ್ದು ಇಳಿಹೊತ್ತಿಗೆ. ಮೇಡ್ಲೇರಿಯ ರೈತ ಮೈಲಾರೆಪ್ಪನವರು ತಮ್ಮ ರಾಶಿಯ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡು, ಮಲಗಿ, ಎದ್ದು, ಮತ್ತೆ ಮಲಗಿದರು. ಅವರದಿರಲಿ, ದರ ಗೊತ್ತಾಗದೆ ಮಾಲು ಏಳುವುದಿಲ್ಲ, ಮಾಲು ಏಳದೆ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕೆಲಸವಿಲ್ಲ. ಗುಲಾಬಬಿ ಮತ್ತು ಅವರ ಜೊತೆಯ ಮೂವತ್ತು ಮಂದಿ ಬರಿಗೈಲಿ ಮನೆಗೆ ಹೋದರು. ಹೋಗುವಾಗ ಗುಲಾಬಬಿ ನನ್ನ ಕಿಟಕಿಯಲ್ಲಿ ಇಣುಕಿ, “ಯವ್ವಾ ಭುವನಾ, ಗುರುವಾರಾನೂ ಹಿಂಗ ಆದ್ರ ನಾವು ಒಲಿ ಹಚ್ಚೂದು ಹೆಂಗ?” ಎಂದರು. ಅದಕ್ಕೇ ಈ ಪತ್ರಕ್ಕೆ ಕೂತಿದ್ದೇನೆ.

ಆದಕಾರಣ ವಿನಂತಿ ಏನೆಂದರೆ, ವ್ಯವಸ್ಥಾಪಕರು ಅಳಿಸಿದ್ದನ್ನು ತಾವೂ ದಯವಿಟ್ಟು ಮರೆಯಬೇಕು. ಅದಾಗದಿದ್ದರೆ ಗುರುವಾರ ಬೆಳಗಿನ ಬಸ್ಸಿಗೆ ಖುದ್ದಾಗಿ ಬ್ಯಾಡಗಿಗೆ ಬಂದು, ರಾಶಿಯ ಮುಂದೆ ನಿಂತು ನಾಲ್ಕು ಸಲ ಸೀನಿ, ಗುಲಾಬಬಿಗೆ ತಾವೇ ಉತ್ತರ ಹೇಳಬೇಕು. ತಮ್ಮ ಪರವಾಗಿ ವಾದಿಸಲು ಹಾವೇರಿಯ ಎಂಜಿನಿಯರ್ ಮನೋಹರ ಸರ್ ನಾನೂರು ಪುಟದ ಕೈಪಿಡಿ ಹೊತ್ತು ತಂದಿದ್ದಾರೆ. ಮರೆಯುವ ವಿಷಯ ಯಾವ ಪುಟದಲ್ಲಿದೆಯೆಂದು ಅವರಿನ್ನೂ ಹುಡುಕುತ್ತಿದ್ದಾರೆ.

ಗುರುವಾರದ ತನಕ ಮಾತ್ರ ತಮ್ಮ ವಿಶ್ವಾಸಿ,
ಭುವನಾ

ತಾ.ಕ.: ಬರೆದ ಮರುದಿನ ಈ ಪತ್ರವನ್ನು ಗುಲಾಬಬಿಗೆ ಓದಿ ಹೇಳಿದೆ. ಅವರು ತೊಟ್ಟು ಮುರಿಯುತ್ತಲೇ, “ಜಾಗಾ ಅದ ಐತಿ, ರಾಶಿ ಬ್ಯಾರೆ ಐತಿ ಅಂತ ಅವಂಗ ಯಾರೂ ಹೇಳಿಲ್ಲೇನು?” ಎಂದು ಕೇಳಿದರು. ಹೌದು, ಮೂರು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ಆ ಮಾತನ್ನೇ ಪ್ರೋಗ್ರಾಂ ಆಗಿ ಬರೆದು ತಮ್ಮಿಬ್ಬರ ನಡುವೆ ಕೂಡಿಸಿದ್ದೇನೆ. ಗುರುವಾರ ತಾವು ದಾರಿ ತೆರೆದರೂ ಶಾಲು ಮಾತ್ರ ಗುಲಾಬಬಿಗೆ; ಅವರ ಭುಜ ಎಲ್ಲಿದೆಯೆಂದು ನನಗೆ ಗೊತ್ತು.