ನೆಂಟರು ಬಾರದ ಮನೆ

ಎಲ್ಲ ಶುರುವಾದದ್ದು ಒಂದು ಸಮಾಜ ವಿಜ್ಞಾನದ ಪುಸ್ತಕದಿಂದ. ಹುಲಿಗಿಯ ದ್ಯಾಮಣ್ಣನ ಮಗಳು ಗಂಗಾ ಹತ್ತನೇ ಕ್ಲಾಸು. ಐತವಾರ ಮುಂಜಾನೆ ಓದಲು ಕೂತರೆ ಪುಸ್ತಕವೇ ಇಲ್ಲ. ಮನೆಯೆಲ್ಲ ಹುಡುಕಿದ ಮೇಲೆ ಸಿಕ್ಕಿತು, ಗೋಣೆಪ್ಪಜ್ಜನ ತಲೆಯ ಕೆಳಗೆ.

"ದಿಂಬು ಕಡಿಮಿ ಬಿದ್ದಿದ್ವವಾ," ಎಂದು ಗೋಣೆಪ್ಪ ಮಗ್ಗಲು ಬದಲಿಸಿದ. ಗೋಣೆಪ್ಪ ಎಂದರೆ ದ್ಯಾಮಣ್ಣನ ಹೆಂಡತಿ ರೇಣುಕಾಳ ಸೋದರಮಾವ, ಹುಲಿಹೈದರದವನು. ಮರುದಿನ ಹುಣ್ಣಿಮೆ. ಒಂದು ದಿನ ಮೊದಲೇ ಬಂದು ಜಾಗ ಹಿಡಿದಿದ್ದ.

ದ್ಯಾಮಣ್ಣನ ಮನೆಯಿಂದ ಹುಲಿಗೆಮ್ಮನ ಗುಡಿಗೆ ಇನ್ನೂರು ಹೆಜ್ಜೆ. ಅದೇ ಆತನ ಗ್ರಹಚಾರ. ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಂತೆಂದರೆ ಹರಕೆಯವರು, ಜವಳದವರು ಎಲ್ಲರೂ ಇವನ ಮನೆಗೇ. ಹೋದ ಹುಣ್ಣಿಮೆಗೆ ಹದಿನೇಳು ಮಂದಿ. ಅದರಲ್ಲಿ ನಾಲ್ವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ರೇಣುಕಾಳ ಕಡೆಯವರೆಂದು ದ್ಯಾಮಣ್ಣ ತಿಳಿದ, ದ್ಯಾಮಣ್ಣನ ಕಡೆಯವರೆಂದು ರೇಣುಕಾ ತಿಳಿದಳು. ಎರಡು ಹೊತ್ತು ಉಂಡು, ಬುತ್ತಿ ಕಟ್ಟಿಸಿಕೊಂಡು ಹೋದರು ಮಹಾನುಭಾವರು.

ಇತ್ತ ಗಂಗಾ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ವಿಷಯಕ್ಕೆ ಉರುಳಿದ್ದಳು. ಪಾಪ, ಜಾಣ ಹುಡುಗಿ. ಓದಲು ಒಂದು ಮೂಲೆಯಾದರೂ ಬೇಡವೇ?

ರೇಣುಕಾ ಗಂಡನನ್ನು ಹಿತ್ತಲಿಗೆ ಕರೆದಳು. "ಸಿಟ್ಟು ಬಂದ್ರ ತವರುಮನಿಗೆ ಹೊಕ್ಕೀನಿ ಅನ್ನಾಕೂ ಬರಂಗಿಲ್ರಿ ನನಗ. ತವರುಮನಿಯವ್ರೆಲ್ಲಾ ಇಲ್ಲೇ ಮಕ್ಕೊಂಡಾರ. ಹೆಂಗೂ ನಿಮಗ ಕೊಪ್ಪಳಕ್ಕ ವರ್ಗ ಆಗೈತಿ. ಇವತ್ತ ಹೋಗಿ ಮನಿ ನೋಡಿ ಬರ್ರಿ. ನಾಕು ಸಾವಿರದೊಳಗ, ಸಂಭಾವಿತರ ಓಣಿ, ಹತ್ರ ಸಾಲಿ. ಮತ್ತ ಯಾರೂ ಬರಬಾರ್ದು!"

ದ್ಯಾಮಣ್ಣ ಹೈಸ್ಕೂಲಿನ ಜವಾನ. ಒಂದು ಗಂಟೆ ಬಾರಿಸಿ ನಾನೂರು ಮಕ್ಕಳನ್ನು ಒಳಗೆ ಕೂರಿಸುವವನು. ಆದರೆ ಬಾಗಿಲಿಗೆ ಬಂದ ನೆಂಟನಿಗೆ 'ಇವತ್ತ ಆಗಂಗಿಲ್ರಿ' ಎನ್ನುವ ಮಾತು ಅವನ ಬಾಯಲ್ಲಿ ಈ ಜನ್ಮದಲ್ಲಿ ಹುಟ್ಟಿರಲಿಲ್ಲ. ಉಳಿಸಿಟ್ಟ ಹತ್ತು ಸಾವಿರ ಒಳಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದ.

ಕೊಪ್ಪಳದಲ್ಲಿ ಪರಿಚಯದ ಆಟೋದ ಮೆಹಬೂಬಸಾಬ ಕಾಯುತ್ತಿದ್ದ. ಖಾಲಿ ಮನೆಗಳೆಲ್ಲ ಅವನ ನಾಲಿಗೆಯ ತುದಿಯಲ್ಲಿ.

ಮೊದಲನೇ ಮನೆಯ ಮಾಲಕ ಗೋವಿಂದರಾಜ ಹುರುಪಿನಿಂದ ಬಾಗಿಲು ತೆಗೆದ. "ಹಾಲ್ ನೋಡ್ರಿ ಹೆಂಗೈತಿ! ಮಗಳ ನಿಶ್ಚಯಕ್ಕ ಅರವತ್ತು ಮಂದಿ ಇಲ್ಲೇ ಉಂಡಾರ. ಮಾಳಿಗಿ ಮ್ಯಾಲ ಮೂವತ್ತು ಮಂದಿ ಆರಾಮ ಮಕ್ಕೋಬಹುದು."

ದ್ಯಾಮಣ್ಣನ ಕಣ್ಣಿಗೆ ಮಾಳಿಗೆಯ ತುಂಬ ಸಾಲಾಗಿ ಮಲಗಿದ ಹುಲಿಹೈದರವೇ ಕಂಡಿತು. "ಇದಕ್ಕಿಂತ ಸಣ್ಣದಿಲ್ಲೇನ್ರಿ?"

"ನೀವೆಷ್ಟು ಮಂದಿ?"

"ಮೂರೇ ಮಂದಿ."

"ಮತ್ತ ಬೀಗ್ರು ಬಂದ್ರ?"

"ಅದಕ್ಕಽ ಸಣ್ಣದು ಕೇಳಾಕತ್ತೀನ್ರಿ," ಎಂದು ದ್ಯಾಮಣ್ಣ ಆಟೋ ಹತ್ತಿದ.

ಎರಡನೇ ಮನೆ ಕಂಡು ಅವನ ಜೀವ ತಂಪಾಯಿತು. ಎರಡು ಕೋಣೆ, ಮುಂದೆ ಬೇವಿನ ಗಿಡ, ಓಣಿಯ ಕೊನೆಗೆ ಸಾಲಿ, ಬಾಡಿಗೆ ಮೂರು ಸಾವಿರದ ಎಂಟುನೂರು. ಪಕ್ಕದ ಮನೆಯ ಶಾಹಜಾದಬಿ ಕೇಳದೆಯೇ ಚಾ ತಂದುಕೊಟ್ಟಳು. ಎದುರಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಹುಲಗಮ್ಮ ಮೊರ ಕೆಳಗಿಟ್ಟು ವಿಚಾರಣೆ ಶುರುಮಾಡಿದಳು.

"ಯಾವೂರ್ರಿ?"

"ಹುಲಿಗಿ."

"ಅಯ್ಯ ಛಲೋ ಆತು! ಹೇಣ್ತಿ ತವರುಮನಿ?"

"ಹುಲಿಹೈದರ."

"ಹುಲಿಹೈದರದಾಗ ಯಾರ ಪೈಕಿ?"

ಇಲ್ಲಿಯಾದರೂ ಸುಳ್ಳು ಹೇಳಬೇಕಿತ್ತು. ಆದರೆ ಬಾಯಲ್ಲಿ ಆ ಓಣಿಯದೇ ಚಾ ಇತ್ತು. "ಗೋಣೆಪ್ಪನ ಸೋದರಸೊಸಿ," ಎಂದ.

"ಗೋಣೆಪ್ಪನ ಸೊಸಿನಾ? ನಮ್ಮತ್ತಿ ತಂಗಿನ್ನ ಕೊಟ್ಟಿದ್ದು ಅವ್ರ ಮನಿಗೇ! ಅಂದ್ರ ನೀವು ನಮಗ ಅಳಿಯ ಆಗಬೇಕು!" ಹುಲಗಮ್ಮ ಕೂಗಿದ್ದಕ್ಕೆ ಇನ್ನೂ ಮೂರು ಮನೆಯ ಹೆಂಗಸರು ಹೊರಗೆ ಬಂದರು. ಚಾ ಆರುವುದರೊಳಗೆ ಒಬ್ಬಳು ಅತ್ತೆಯಾದಳು, ಒಬ್ಬಳು ನಾದಿನಿಯಾದಳು. "ನಾಳಿ ಹುಣ್ಣಿಮಿಗೆ ನಿಮ್ಮನಿಗೇ ಬರ್ತೀವಿ ತಗೋರಿ," ಎಂದು ಮೂರನೆಯವಳು ತೀರ್ಮಾನಿಸಿದಳು. ದ್ಯಾಮಣ್ಣ ಕಪ್ಪು ಇಟ್ಟು ಹಿಂದಿರುಗಿ ನೋಡದೆ ನಡೆದ.

ಮೆಹಬೂಬಸಾಬನಿಗೆ ಬೇಜಾರಾಗಿತ್ತು. "ಅಣ್ಣಾರ, ನಿಮ್ಮ ಮನಿಗೆ ಬಾಗಲಾ ಬೇಕೋ ಬ್ಯಾಡೋ ಹೇಳಿಬಿಡ್ರಿ. ಅದರಂಗ ಹುಡುಕ್ತೀನಿ."

ಮೂರನೆಯದು ಊರ ಹೊರಗಿನ ಹೊಸ ಬಡಾವಣೆ. ಕಚ್ಚಾ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋದರೆ ಒಂದೂವರೆ ಕೋಣೆಯ ಮನೆ. ಹಿಂದೆ ಉದ್ದಕ್ಕೂ ಎತ್ತರದ ಗೋಡೆ. ನರಪಿಳ್ಳೆಯ ಸದ್ದಿಲ್ಲ.

"ಆ ಗ್ವಾಡಿ ಯಾರದ್ರಿ?"

"ಸರಕಾರದ್ದು. ಸಂಜಿ ಆತಂದ್ರ ಆ ಕಡೆ ಒಂದು ಹುಳಾನೂ ಇರಂಗಿಲ್ಲ," ಎಂದ ಮೆಹಬೂಬಸಾಬ.

ಮಾಲಕಿ ಮುದುಕವ್ವ ಕೈಯಲ್ಲಿ ಬೀಗದಕೈ ಗೊಂಚಲು ಹಿಡಿದೇ ಮಾತಾಡಿದಳು. "ಬಾಡಿಗಿ ಮೂರೂವರಿ ಸಾವಿರ. ಅಡ್ವಾನ್ಸು ಹತ್ತು. ಹನ್ನೊಂದು ತಿಂಗಳ ಒಳಗ ಬಿಟ್ರ ಅಡ್ವಾನ್ಸು ವಾಪಸ್ ಕೊಡಂಗಿಲ್ಲ. ಮತ್ತ ಕೇಳಿಲ್ಲಿ, ಬೀಗ್ರು ಬಿಜ್ಜರು ಅಂತ ಯಾರೂ ರಾತ್ರಿ ಉಳಿಯಂಗಿಲ್ಲ. ಉಳಿದ್ರ ನಾನಽ ಬಂದು ಎಬ್ಬಿಸಿ ಹೊರಗ ಹಾಕ್ತೀನಿ."

"ಖರೇನ ಹಾಕ್ತೀರೇನ್ರಿ ಯವ್ವಾ?"

"ಹಾಕೇನಿ. ಕೇಳ್ ನೋಡು ಓಣ್ಯಾಗ."

ದ್ಯಾಮಣ್ಣನ ಕಣ್ಣಲ್ಲಿ ನೀರು ಬಂತು. ತನ್ನಿಂದ ಆಗದ ಕೆಲಸವನ್ನು ಈ ಮುದುಕಿ ಪುಕ್ಕಟೆ ಮಾಡಿಕೊಡುತ್ತಾಳೆ! ಒಳಕಿಸೆಯ ಹತ್ತು ಸಾವಿರ ಅವಳ ಕೈಗಿಟ್ಟು ಕಾಲು ಮುಟ್ಟಿ ನಮಸ್ಕರಿಸಿದ.

ಹೊರಡುವಾಗ ಆಟೋ ಡಾಂಬರು ರಸ್ತೆಗೆ ಬಂತು. ಗೋಡೆಯ ಮುಂಭಾಗದಲ್ಲಿ 'ಜಿಲ್ಲಾಧಿಕಾರಿಗಳ ಕಚೇರಿ' ಎಂದು ದೊಡ್ಡ ಬೋರ್ಡು. ಐತವಾರವಾದ್ದರಿಂದ ಗೇಟು ಮುಚ್ಚಿತ್ತು, ಒಬ್ಬ ಪೊಲೀಸ ತೂಕಡಿಸುತ್ತಿದ್ದ. ಕಳ್ಳರ ಭಯವೂ ಇಲ್ಲ ಎಂದು ದ್ಯಾಮಣ್ಣ ಇನ್ನಷ್ಟು ಹಿಗ್ಗಿದ.

ಸಂಜೆ ಹುಲಿಗಿಗೆ ಬಂದವನು ಮುಖ ಸಪ್ಪಗೆ ಮಾಡಿಕೊಂಡು ಗೋಣೆಪ್ಪನ ಮುಂದೆ ಕೂತ. "ಏನ್ ಮಾಡೂದ್ರಿ ಮಾವಾ, ವರ್ಗ ಆಗಿಬಿಟ್ಟೈತಿ. ಇನ್ನ ಹುಣ್ಣಿಮಿಗೆ ನಾವು ಇಲ್ಲಿ ಸಿಗಂಗಿಲ್ಲ. ಕೊಪ್ಪಳದಾಗ ಡೀಸಿ ಆಫೀಸಿನ ಹಿಂದ ಮನಿ ಹಿಡದೀನಿ."

ಗೋಣೆಪ್ಪ ಎದ್ದು ಕೂತ. "ಎಲ್ಲಿ? ಡೀಸಿ ಆಫೀಸಿನ ಹಿಂದ?" ಅವನ ಮುಖ ಅರಳಿತು. "ಅಳಿಯಂದ್ರ, ನಮ್ಮ ಹೊಲದ ಪಹಣಿ ತಿದ್ದಸಾಕ ಮೂರು ವರ್ಷದಿಂದ ಅಡ್ಡಾಡಾಕತ್ತೀನಿ! ಊರಾಗ ಅರ್ಧ ಮಂದಿದು ಅರ್ಜಿ ಅಲ್ಲೇ ಅದಾವ. ಹೋಟೆಲ್ ಅನ್ನ ಉಂಡು ಉಂಡು ಹೊಟ್ಟಿ ಕೆಟ್ಟೈತಿ." ಆಗಲೇ ಫೋನು ಕಿವಿಗೆ ಹಿಡಿದು ಹುಲಿಹೈದರಕ್ಕೆ ಸುದ್ದಿ ಮುಟ್ಟಿಸುತ್ತಿದ್ದ.

ದ್ಯಾಮಣ್ಣ ಕೊನೆಯ ಅಸ್ತ್ರ ತೆಗೆದ. "ಮಾವಾ, ಆ ಮಾಲಕಿ ಭಾಳ ಬಿರುಸು. ರಾತ್ರಿ ಯಾರನ್ನೂ ಉಳಿಗೊಡಂಗಿಲ್ಲ."

"ರಾತ್ರಿ ಯಾಕ ಉಳೀಬೇಕಪಾ? ಆಫೀಸು ರಾತ್ರಿ ತೆಗೀತಾರೇನು? ಮುಂಜಾನಿ ಒಂಬತ್ತಕ್ಕ ಬರ್ತೀವಿ, ನಾಷ್ಟಾ ಮಾಡ್ತೀವಿ, ಅರ್ಜಿ ಕೊಡ್ತೀವಿ. ಮಧ್ಯಾಹ್ನ ಉಂಡು ಒಂದೀಟು ಅಡ್ಡಾಗಿ, ಐದಕ್ಕ ಬಸ್ ಹಿಡೀತೀವಿ. ನಿಮಗೇನೂ ತ್ರಾಸಿಲ್ಲ."

ರೇಣುಕಾ ಗಂಡನ ಮುಖ ನೋಡಿದಳು. ದ್ಯಾಮಣ್ಣ ತನ್ನ ಖಾಲಿ ಒಳಕಿಸೆ ಮುಟ್ಟಿ ನೋಡಿಕೊಂಡ. ಹುಲಿಗಿಯಲ್ಲಿ ವಾರಕ್ಕೆ ಎರಡು ದಿನ, ತಿಂಗಳಿಗೊಂದು ಹುಣ್ಣಿಮೆ. ಅಲ್ಲಿ ಸೋಮವಾರದಿಂದ ಶನಿವಾರ, ಹನ್ನೊಂದು ತಿಂಗಳು.

ಗಂಗಾ ಅಪ್ಪನ ಮಗ್ಗುಲಿಗೆ ಬಂದು ಕೂತಳು. "ಇರ್ಲಿ ಬಿಡಪ್ಪಾ," ಎಂದಳು ಮೆಲ್ಲಗೆ. "ಐತವಾರ ಆಫೀಸು ಇರಂಗಿಲ್ಲಲ್ಲ. ಆವತ್ತ ಓದ್ತೀನಿ."

"ಐತವಾರ ನಿಮ್ಮಜ್ಜಿನ್ನ ಕರ್ಕೊಂಡು ಬರ್ತೀನವಾ," ಎಂದ ಗೋಣೆಪ್ಪ ಅಕ್ಕರೆಯಿಂದ. "ಕೆಲಸದ ದಿನ ಬಂದ್ರ ನಿಮ್ಮ ಕೂಡ ಕುಂತು ಮಾತಾಡಾಕ ಆಗಂಗಿಲ್ಲ ನೋಡು."

ಹಾಗೆಂದವನು ಕೈ ಚಾಚಿ ಸಮಾಜ ವಿಜ್ಞಾನದ ಪುಸ್ತಕ ಎಳೆದುಕೊಂಡು, ತಲೆಯ ಕೆಳಗಿಟ್ಟು ಮಲಗಿದ.