ಉಣುಗು ಹಿಡಿಯುವ ಬಿಳಿ ಬಟ್ಟೆ

ಕಾಡಿನಲ್ಲಿ ಬಿಳಿ ಬಟ್ಟೆ ಎಳೆದುಕೊಂಡು ತಿರುಗುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಯಾಕೆ ಎಳೆಯುತ್ತಿದ್ದೆ ಎಂದು ಮೊದಲು ಹೇಳಿಬಿಡುತ್ತೇನೆ. ಮಂಗನ ಕಾಯಿಲೆ ಉಣುಗು ಕಚ್ಚಿ ಬರುತ್ತದೆ. ಉಣುಗು ಎಂದರೆ ರಕ್ತ ಹೀರುವ ಸಣ್ಣ ಹುಳ. ನೆಲದ ಮೇಲೆ ಬಟ್ಟೆ ಎಳೆದರೆ ಅದಕ್ಕೆ ಹತ್ತಿಕೊಳ್ಳುತ್ತದೆ. ಎಂಬತ್ತರ ದಶಕದಲ್ಲಿ, ನೆಟ್ಟು ಬೆಳೆಸಿದ ತೇಗದ ತೋಪುಗಳಲ್ಲಿ ಪರೀಕ್ಷೆಗೆಂದು ಅದನ್ನು ಹಿಡಿದು ಬಾಟಲಿಗೆ ತುಂಬುವುದೇ ನನ್ನ ಹಂಗಾಮಿ ಕೆಲಸ. ಮೂರು ವಾರ ಒಂದೂ ಸಿಗಲಿಲ್ಲ. "ಇನ್ನೊಂದು ವಾರ ಖಾಲಿ ಬಾಟಲಿ ತಂದರೆ ನೀನು ಮನೆಗೆ" ಎಂದರು ನಮ್ಮ ಆರೋಗ್ಯ ಇಲಾಖೆಯ ಸಾಹೇಬರು.

ಎಮ್ಮೆ

ಚನ್ನಗಿರಿ ಕಡೆಯ ತೋಪಿನಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು.

"ಯಪ್ಪಾ, ಹಿಂಗೆ ಎಳೆದ್ರೆ ಕೊಳೆ ಹೋಗ್ತೈತಾ?"

ವಿವರಿಸಿದೆ.

"ಅದಕ್ಯಾಕೆ ಇಷ್ಟು ಪಾಡು? ನಮ್ಮೆಮ್ಮೆ ಮೈಮ್ಯಾಲೆ ಸೇರುಗಟ್ಲೆ ಅದಾವೆ, ತಗಂಡು ಹೋಗು."

ಪ್ರಾಣಿಯ ಮೈಮೇಲಿನವು ನಡೆಯುವುದಿಲ್ಲ, ಬಟ್ಟೆಗೆ ಹತ್ತಿದವೇ ಬೇಕು, ಅದು ಸಾಹೇಬರ ನಿಯಮ ಎಂದೆ. ಅಜ್ಜಿ ಎಮ್ಮೆಯ ಬೆನ್ನು ಸವರಿದಳು: "ಬಾರವ್ವ, ಸರ್ಕಾರಕ್ಕೆ ನೀನು ಬ್ಯಾಡಂತೆ."

ಎಣ್ಣೆ

ನ್ಯಾಮತಿ ಕಡೆ ಜೊತೆಗಿದ್ದವನು ಫಾರೆಸ್ಟ್ ಗಾರ್ಡು. ಉಣುಗು ಹತ್ತದಂತೆ ಕಾಲಿಗೆ ಹಚ್ಚಿಕೊಳ್ಳಲಿ ಎಂದು ಅವನಿಗೆ ಒಂದು ಬಾಟಲಿ ಎಣ್ಣೆ ಕೊಟ್ಟಿದ್ದೆ. ಬಾಟಲಿ ಖಾಲಿಯಾಗಿತ್ತು, ಕಾಲು ಮಾತ್ರ ಒಣಗಿತ್ತು.

"ಎಣ್ಣೆ ಎಲ್ಲಿ ಮಾರಾಯ?"

"ಬಟ್ಟೆಗೆ ಹಚ್ಚಿದೀನ್ರಿ, ದಿನಾ ಬೆಳಗ್ಗೆ."

"ಬಟ್ಟೆಗಾ!"

"ಮತ್ತೆ? ಅಷ್ಟು ಬೆಳ್ಳಗಿನ ಬಟ್ಟೆಗೆ ಹುಳ ಹತ್ತಿದ್ರೆ ನಿಮಗೆ ಬೈಯಲ್ವೇನ್ರಿ ಸಾಹೇಬ್ರು?"

ನಡೆಮಡಿ

ಕೊನೆಯ ದಿನ ಸಾಹೇಬರೇ ಬಂದರು, ಸಾಸ್ವೆಹಳ್ಳಿ ಕಡೆಯ ತೋಪಿಗೆ. ಎರಡು ಹೊಸ ಬಟ್ಟೆ ತಂದಿದ್ದೆ. ಒಂದನ್ನು ದಾರಿಯಲ್ಲಿ ಹಾಸಿದೆ ಅಷ್ಟೆ, ಡೊಳ್ಳು ಕೇಳಿಸಿತು. ಊರವರು ದೇವಿಯನ್ನು ಹೊತ್ತು ಹೊಳೆಗೆ ಹೊರಟಿದ್ದರು. ದೇವರು ಹೊತ್ತವರ ಕಾಲು ಬರಿನೆಲಕ್ಕೆ ತಾಗಬಾರದೆಂದು ದಾರಿಗೆ ಮಡಿಬಟ್ಟೆ ಹಾಸುತ್ತಾರೆ, ಅದೇ ನಡೆಮಡಿ. ಪೂಜಾರಿ ನೇರ ನನ್ನ ಬಟ್ಟೆಯ ಮೇಲೆ ನಿಂತ.

"ಸ್ವಾಮಿ, ಇದು ಆರೋಗ್ಯ ಇಲಾಖೆದು..." ಎಂದೆ.

"ಯಾವ ಇಲಾಖೆದಾದ್ರೂ ಆಗ್ಲಿ, ಮುಂದಿಂದು ಹಾಸ್ರಿ! ಅಮ್ಮ ಕಾಯ್ತಾಳೆ!" ಎಂದರು ಊರಿನ ಗೌಡರು.

ಎರಡನೆಯದು ಸಾಹೇಬರ ಕೈಯಲ್ಲಿತ್ತು. ಊರವರು ಅವರ ಬೂಟು ಬಿಚ್ಚಿಸಿದರು. ದೇವಿ ಹೊತ್ತವರು ಒಂದು ಬಟ್ಟೆ ದಾಟಿದೊಡನೆ ಅದನ್ನೆತ್ತಿ, ದಾರಿಬದಿಯ ಪೊದೆಗಳೊಳಗೆ ಸುತ್ತು ಹಾಕಿ ಓಡಿ, ಮುಂದೆ ಹಾಸಬೇಕು. ಹೊಳೆಯವರೆಗೂ ನಾನೊಂದು, ಅವರೊಂದು ಹಾಸಿದೆವು. ಕೊನೆಗೆ ಗೌಡರು ಸಾಹೇಬರ ಕೈಗೆ ಅರ್ಧ ಹೋಳು ಕಾಯಿ ಕೊಟ್ಟು, "ಚೆನ್ನಾಗಿ ಹಾಸ್ತೀರಿ, ಮುಂದಿನ ವರ್ಷಾನೂ ಬರ್ರಿ" ಎಂದರು.

ಬಟ್ಟೆ ನೋಡಿದೆ. ಕುಂಕುಮ, ಮಣ್ಣು, ಹೆಜ್ಜೆಗುರುತು. ಉಣುಗು ಒಂದೂ ಇಲ್ಲ. ಕೆಲಸ ಹೋಯಿತು ಎಂದು ತಲೆ ತಗ್ಗಿಸಿದೆ. ತಗ್ಗಿಸಿದಾಗ ಸಾಹೇಬರ ಪ್ಯಾಂಟು ಕಾಣಿಸಿತು. ಮೊಣಕಾಲವರೆಗೂ ಉಣುಗು! ಪುಣ್ಯಕ್ಕೆ ಒಂದೂ ಕಚ್ಚಿರಲಿಲ್ಲ.

ಒಂದೊಂದಾಗಿ ಆರಿಸಿ ಬಾಟಲಿ ತುಂಬಿಸಿದೆ. ಆದರೆ ನನಗೆ ನಿಯಮದ ಭಯ.

"ಸಾರ್, ಪ್ರಾಣಿಯ ಮೈಮೇಲಿನವು ನಡೆಯಲ್ಲ ಅಂತ ನೀವೇ ಹೇಳಿದ್ರಿ..."

ಸಾಹೇಬರು ಕೈಯಲ್ಲಿದ್ದ ಕಾಯಿಹೋಳು ಎತ್ತಿದರು, ಹೊಡೆಯುತ್ತಾರೆಂದುಕೊಂಡೆ. "ನಿನ್ನ ಕೆಲಸ ಉಳೀಬೇಕೋ ಬೇಡವೋ? ಬಟ್ಟೆಗೆ ಹತ್ತಿದವು ಅಂತ ಬರಿ! ಪ್ಯಾಂಟು ಬಟ್ಟೆ ಅಲ್ವೇನಯ್ಯಾ?"